ನನ್ನ ಹೆಸರಿನ ಚೀಟಿ

ಚಳ್ಳಕೆರೆ
14-12-2003, ಭಾನುವಾರ

ಪ್ರೀತಿಯ ಅಕ್ಕನಿಗೆ ನಿನ್ನ ಐಶು ಮಾಡುವ ನಮಸ್ಕಾರಗಳು.

ಹೇಗಿದ್ದೀಯಾ ಅಕ್ಕ? ಮೈಯಲ್ಲಿ ಹುಷಾರಾಗಿದ್ದೀಯಾ? ಇಲ್ಲಿ ಈ ಸಲ ಚಳಿ ಜೋರು. ಬೆಳಿಗ್ಗೆ ತೊಟ್ಟಿಯ ನೀರಿಗೆ ಕೈ ಹಾಕಿದರೆ ಬೆರಳು ನನ್ನವೋ ಬೇರೆಯವರವೋ ಗೊತ್ತಾಗುವುದಿಲ್ಲ. ನಿಮ್ಮ ಮೊಳಕಾಲ್ಮೂರಿನಲ್ಲಿ ಗುಡ್ಡದ ಗಾಳಿ ಬೇರೆ. ನಿನ್ನ ಹಿಮ್ಮಡಿ ಒಡೆದಿರಬೇಕು, ಪ್ರತಿ ವರ್ಷವೂ ಒಡೆಯುತ್ತಿತ್ತು, ನೀನು ನನ್ನ ಹೊದಿಕೆಗೆ ಕಾಲು ತೂರಿಸಿ ಪರಪರ ಅಂತ ಉಜ್ಜುತ್ತಿದ್ದೆ. ವ್ಯಾಸಲೀನ್ ಹಚ್ಚಿಕೋ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವಾಗ ಕಾಲುಚೀಲ ಹಾಕಿಕೋ, ನಗಬೇಡ. ಭಾವ ಹೇಗಿದ್ದಾರೆ? ನಿಮ್ಮತ್ತೆ ಈಗಲೂ ತೆಲುಗಿನಲ್ಲೇ ಮಾತಾಡಿಸುತ್ತಾರಾ? ಹೂವಿನ ಲಕ್ಷ್ಮಕ್ಕ ಹೇಳಿದಳು, ಅವರು "ತಿನ್ನಾವಾ" ಅಂತ ಊಟ ವಿಚಾರಿಸಿದರೆ ನೀನು "ತಿನ್ನಾನು" ಅಂತ ಪಟ್ಟನೆ ಉತ್ತರ ಕೊಡುತ್ತೀಯಂತೆ. ಲಕ್ಷ್ಮಕ್ಕ ತಂಗಿಯ ಮನೆಗೆ ಅಂತ ಆಗಾಗ ನಿಮ್ಮ ಊರಿಗೆ ಬರುತ್ತಾಳಲ್ಲ, ನಿನ್ನ ಸುದ್ದಿ ನನಗೆ ಸಿಗುವುದು ಅವಳಿಂದಲೇ. ಈ ಪತ್ರವನ್ನೂ ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ.

ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು. ಊಟ ತಿಂಡಿಗೇನೂ ಕಡಿಮೆ ಇಲ್ಲ. ಅಪ್ಪಾಜಿ ಭಾನುವಾರ ಸಂಜೆ ಎಣ್ಣೆ ಮಿಲ್ಲಿನಿಂದ ಬರುವಾಗ ಈಗಲೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಎರಡು ಪೊಟ್ಟಣ ತರುತ್ತಾರೆ. ನೀನು ಹೋದ ಮೇಲೂ ಎರಡೇ. ಕೈ ಅಭ್ಯಾಸವೋ ಏನೋ, ನಾನು ಕೇಳಿಲ್ಲ. ಎರಡನ್ನೂ ನನ್ನ ಮುಂದೆ ಇಟ್ಟು ಒಳಗೆ ಹೋಗಿಬಿಡುತ್ತಾರೆ. ನಾನು ಎರಡನ್ನೂ ತಿನ್ನುತ್ತೇನೆ, ಯಾಕೆಂದರೆ ಒಂದು ಉಳಿದರೆ ಅವ್ವ ಅದನ್ನು ಕಟ್ಟಿ ಡಬ್ಬಿಗೆ ಹಾಕುತ್ತಾ ಕಣ್ಣೊರೆಸಿಕೊಳ್ಳುತ್ತಾಳೆ. ಹೀಗಾಗಿ ನಿನ್ನ ದೆಸೆಯಿಂದ ನಾನು ದಪ್ಪಗಾಗಿದ್ದೇನೆ. ಇನ್ನು ಫೋನಿನ ವಿಷಯ. ಮಧ್ಯಾಹ್ನ ಫೋನ್ ಮಾಡಿ ಮಾತಾಡದೆ ಸುಮ್ಮನಿರುವುದು ನೀನೇ ಅಂತ ನನಗೆ ಗೊತ್ತು ಅಕ್ಕ. ಅವ್ವ "ಹಲೋ, ಯಾರು?" ಅಂತ ಒಂದು ಸಲ ಕೇಳುತ್ತಾಳೆ. ಆಮೇಲೆ ಗೋಡೆ ನೋಡಿಕೊಂಡು, "ಹೂಂ, ಎಲ್ಲ ಆರಾಮ ಐತೆ. ಐಶುಗೆ ಜ್ವರ ಬಂದಿತ್ತು, ಬಿಟ್ಟೈತೆ. ಅವರೇಕಾಯಿ ಇನ್ನೂ ತುಟ್ಟಿ" ಅಂತ ಎಲ್ಲ ಒಪ್ಪಿಸಿ, ಫೋನ್ ಇಟ್ಟು, "ರಾಂಗ್ ನಂಬರ್" ಅಂತ ನನಗೆ ಹೇಳುತ್ತಾಳೆ. ರಾಂಗ್ ನಂಬರಿಗೆ ಅವರೇಕಾಯಿ ರೇಟು ಹೇಳುವವರು ಈ ಚಳ್ಳಕೆರೆಯಲ್ಲಿ ಅವ್ವ ಒಬ್ಬಳೇ ಇರಬೇಕು.

ನಿನ್ನ ಮೇಲೆ ನನಗೆ ಸಿಟ್ಟಿದೆ, ಅದನ್ನೂ ಬರೆದುಬಿಡುತ್ತೇನೆ. ನಿನ್ನ ನಿಶ್ಚಿತಾರ್ಥಕ್ಕೆ ರೇಷ್ಮೆ ಸೀರೆ ಅಂಗಡಿಯದ್ದು ಬೇಡ, ಮಗ್ಗದ ಮನೆಯಿಂದಲೇ ತರೋಣ ಅಂತ ನಮ್ಮಿಬ್ಬರನ್ನೂ ಮೊಳಕಾಲ್ಮೂರಿಗೆ ಕರೆದುಕೊಂಡು ಹೋದವರು ಅಪ್ಪಾಜಿ. ಅಲ್ಲಿ ನೀನು ಸೀರೆಗಿಂತ ಮಗ್ಗದ ಕಡೆಯೇ ಹೆಚ್ಚು ನೋಡಿದೆ. ನಾನು ಪೆದ್ದಿ, ಪಾಪ ಮಗ್ಗ ನೋಡುತ್ತಿದ್ದಾಳೆ ಅಂದುಕೊಂಡೆ. ಅಂಚಿನ ಬಣ್ಣ ಸರಿಯಿಲ್ಲ ಅಂತ ನೀನು ಇನ್ನೂ ಎರಡು ಸಲ ಹೋಗಿ ಬಂದಾಗಲೂ ನನಗೆ ಹೊಳೆಯಲಿಲ್ಲ. ರಿಜಿಸ್ಟ್ರಾರ್ ಆಫೀಸಿನಲ್ಲಿ ಮದುವೆಯಾಗಿದ್ದೀಯ ಅಂತ ಇಡೀ ಪೇಟೆಗೆ ಗೊತ್ತಾದ ಮೇಲೆ ನನಗೆ ಗೊತ್ತಾಯಿತು. ಆ ಮಗ್ಗದಲ್ಲಿ ಕೂತಿದ್ದ ರಾಮಾಂಜನೇಯ ಭಾವ ಒಳ್ಳೆಯವರೇ ಇರಬಹುದು. ಆದರೆ ಪಕ್ಕದಲ್ಲೇ ಮಲಗುತ್ತಿದ್ದ ತಂಗಿಗೆ ಒಂದು ಮಾತು ಹೇಳಬಾರದಿತ್ತಾ? ಹೇಳಿದ್ದರೆ ಅಪ್ಪಾಜಿಗೆ ಚಾಡಿ ಹೇಳುತ್ತಿದ್ದೆನಾ? ಸರಿ ಬಿಡು, ಹೇಳುತ್ತಿದ್ದೆನೇನೋ. ನೀನು ಹೋಗುವುದು ನಿಲ್ಲಲಿ ಅಂತಾದರೂ ಹೇಳುತ್ತಿದ್ದೆ.

ಈಗ ಸ್ಕೂಲಿನ ಸುದ್ದಿ. ನೀನು ಓದಿದ ಕಾನ್ವೆಂಟೇ, ನೀನು ನೋಡಿದ ಬೇವಿನ ಮರವೇ. ಕ್ರಿಸ್ಮಸ್ಸಿಗೆ ಎರಡು ವಾರ ಮೊದಲೇ ಎಲ್ಲ ಶುರುವಾಗಿದೆ. ಎಂಟನೇ ಕ್ಲಾಸಿನವರು ಬಣ್ಣದ ಕಾಗದದ ನಕ್ಷತ್ರ ಅಂಟಿಸುತ್ತಾ ಕೈಗೆಲ್ಲ ಮೈದಾ ಮೆತ್ತಿಕೊಂಡು ಓಡಾಡುತ್ತಾರೆ. ಯೇಸು ಹುಟ್ಟಿದ ಗೋದಲಿಯ ಸುತ್ತ ಹುಲ್ಲು ಕಾಣಲಿ ಅಂತ ಹಾಸ್ಟೆಲ್ಲಿನವರು ತಟ್ಟೆಗಳಲ್ಲಿ ರಾಗಿ ಚೆಲ್ಲಿದ್ದಾರೆ, ಈ ಚಳಿಗೆ ಮೊಳಕೆ ಮೇಲೇಳಲು ಒಲ್ಲೆನ್ನುತ್ತಿದೆ. ಕೊನೆಯ ಪೀರಿಯಡ್ ಪೂರ್ತಿ ಹಾಡಿನ ಪ್ರಾಕ್ಟೀಸ್. ನನ್ನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿದ್ದಾರೆ, ಬರೀ ಬಾಯಿ ಆಡಿಸುತ್ತೇನೆ. ಹತ್ತನೇ ಕ್ಲಾಸು, ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದಲ್ಲಿ ಎಷ್ಟು ಬಂತು ಅಂತ ಮಾತ್ರ ಕೇಳಬೇಡ. ಮೊದಲು ನಾನು ಮೂರನೇ ಬೆಂಚಿನಲ್ಲಿ ಕೂರುತ್ತಿದ್ದೆನಲ್ಲ, ಶಿಲ್ಪಶ್ರೀ ಪಕ್ಕ. ಜೂನ್‌ನಲ್ಲಿ ಅವಳು ಬ್ಯಾಗನ್ನು ಜಾಗದಲ್ಲಿಟ್ಟು, "ಇಲ್ಲಿ ಬೇರೆಯೋರು ಬರ್ತಾರೆ ಕಣೆ" ಅಂದಳು. ಬೇರೆ ಯಾರೂ ಬರಲಿಲ್ಲ. ಜುಲೈವರೆಗೂ ಅವಳ ಬ್ಯಾಗೇ ಅಲ್ಲಿ ಕೂತಿತ್ತು. ಅವರಮ್ಮ ನಮ್ಮ ಮನೆಯ ಸಹವಾಸ ಬೇಡ ಅಂದಿದ್ದಾರಂತೆ. ನೀನು ಓಡಿಹೋಗಿದ್ದು ಅಂಟುರೋಗವೇನೋ ಅನ್ನುವ ಹಾಗೆ. ನಾನೀಗ ಕೊನೆಯ ಬೆಂಚಿನಲ್ಲಿ ಪರಶುರಾಂಪುರದ ಪುಷ್ಪಲತಾ ಜೊತೆ ಕೂರುತ್ತೇನೆ. ಅವಳು ಹಾಸ್ಟೆಲ್ ಹುಡುಗಿ, ಅವರಪ್ಪ ಕುರಿ ಹೊಡೆದುಕೊಂಡು ಆಂಧ್ರದ ಕಡೆ ಹೋದರೆ ತಿಂಗಳುಗಟ್ಟಲೆ ಬರುವುದಿಲ್ಲ. ಒಳ್ಳೆಯವಳು, ಆದರೆ ಊಟದ ಬೆಲ್ ಆದ ತಕ್ಷಣ ಹಾಸ್ಟೆಲ್ಲಿಗೆ ಓಡುತ್ತಾಳೆ. ನನ್ನ ಡಬ್ಬಿ ನಾನೊಬ್ಬಳೇ ತೆಗೆಯುತ್ತೇನೆ.

ನಿನ್ನ ಕಾಲದಲ್ಲಿ ಈ "ಕ್ರಿಸ್ಮಸ್ ಫ್ರೆಂಡ್" ಅನ್ನುವುದು ಇರಲಿಲ್ಲ, ಹೊಸ ಹೆಡ್ ಸಿಸ್ಟರ್ ಬಂದ ಮೇಲೆ ಶುರುವಾಗಿದ್ದು. ಎಲ್ಲರೂ ತಮ್ಮ ಹೆಸರನ್ನು ಚೀಟಿಯಲ್ಲಿ ಬರೆದು ಒಂದು ಡಬ್ಬಿಗೆ ಹಾಕಬೇಕು. ಆಮೇಲೆ ಒಬ್ಬೊಬ್ಬರೂ ಒಂದೊಂದು ಚೀಟಿ ಎತ್ತಬೇಕು. ಯಾರ ಹೆಸರು ಬಂತೋ ಅವರಿಗೆ ನಾವು ಗುಟ್ಟಿನ ಫ್ರೆಂಡ್. ಗೊತ್ತಾಗದ ಹಾಗೆ ಅವರ ಡೆಸ್ಕಿನಲ್ಲಿ ಚಾಕಲೇಟೋ ಪೆನ್ನೋ ಇಡಬೇಕು, ಒಳ್ಳೆಯ ಮಾತು ಬರೆದಿಡಬೇಕು, ದಿನಾ ಅವರಿಗಾಗಿ ಪ್ರಾರ್ಥನೆ ಮಾಡಬೇಕು. ಹಬ್ಬದ ಕಾರ್ಯಕ್ರಮದ ದಿನ ಗುಟ್ಟು ರಟ್ಟು. ಈ ಸಲ ನಮ್ಮ ಕ್ಲಾಸಿನ ಚೀಟಿ ಎತ್ತಿಸಿದ್ದು ಮಂಜುಳಮ್ಮ ಮಿಸ್, ಅವರ ಊಟದ ಡಬ್ಬಿಯಲ್ಲೇ. ನನ್ನ ಸರದಿ ಬಂದಾಗ ಒಂದು ಚೀಟಿ ಎತ್ತಿ, ಜಾಗಕ್ಕೆ ಬಂದು, ಡೆಸ್ಕಿನ ಕೆಳಗೆ ಬಿಚ್ಚಿ ನೋಡಿದೆ. ಐಶ್ವರ್ಯ ಟಿ. ನನ್ನದೇ ಅಕ್ಷರ, ನಾನೇ ಬರೆದ ಹೆಸರು.

ಹಾಗೆ ಬಂದರೆ ಎದ್ದು ಹೇಳಬೇಕು, ಬೇರೆ ಚೀಟಿ ಎತ್ತಿಸುತ್ತಾರೆ. ನಾನು ಏಳಲೂ ಹೊರಟಿದ್ದೆ ಅಕ್ಕ, ದೇವರಾಣೆ. ಅಷ್ಟರಲ್ಲಿ ಮೂರನೇ ಬೆಂಚಿನಲ್ಲಿ ಶಿಲ್ಪಶ್ರೀ ತನ್ನ ಚೀಟಿ ನೋಡಿ, ಕೊನೆಯ ಬೆಂಚಿಗೂ ಕೇಳುವ ಹಾಗೆ, "ಬಚಾವಾದೆ ಕಣೆ, ಆ ಐಶ್ವರ್ಯ ಹೆಸರು ಬಂದಿದ್ರೆ ನಮ್ಮಮ್ಮ ಸುಮ್ನಿರ್ತಿದ್ಲಾ" ಅಂದಳು. ಪಕ್ಕದವಳು ಕಿಸಕ್ಕನೆ ನಕ್ಕಳು. ಇನ್ನೂ ಚೀಟಿ ಎತ್ತದವರು ಮೂರ್ನಾಲ್ಕು ಜನ ಉಳಿದಿದ್ದರು. ನನ್ನ ಹೆಸರು ವಾಪಸ್ ಡಬ್ಬಿಗೆ ಹೋಗಬೇಕು, ಯಾರೋ ಒಬ್ಬರು ಅದನ್ನು ಎತ್ತಿ ಮುಖ ಸಿಂಡರಿಸಬೇಕು, ನಾನದನ್ನು ನೋಡಬೇಕು. ನನಗೆ ಆಗಲಿಲ್ಲ. ಚೀಟಿ ಮಡಚಿ ಮುಷ್ಟಿಯಲ್ಲಿಟ್ಟುಕೊಂಡು ಸುಮ್ಮನೆ ಕೂತೆ. ಅವತ್ತು ಅತ್ತಷ್ಟು ನೀನು ಹೋದ ದಿನವೂ ಅತ್ತಿರಲಿಲ್ಲ, ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆಮೇಲೆ ಇನ್ನೊಂದು ಫಜೀತಿ. ಎಲ್ಲರ ಡೆಸ್ಕಿನಲ್ಲೂ ಏನೇನೋ ಬರತೊಡಗಿತು, ನನ್ನದು ಖಾಲಿ. ಪುಷ್ಪಲತಾ ದಿನಾ, "ನಿಂಗೇನ್ ಬಂತು, ನಿಂಗೇನ್ ಬಂತು" ಅಂತ ಜೀವ ತಿನ್ನುತ್ತಿದ್ದಳು. ಅದಕ್ಕೆ ನಾನೇ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಶೇಂಗಾ ಮಿಠಾಯಿ ಕೊಂಡು, ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋಗಿ ನನ್ನ ಡೆಸ್ಕಿನಲ್ಲೇ ಇಟ್ಟೆ. ಎಡಗೈಯಲ್ಲಿ "ನಿನ್ನ ನಗು ಚೆಂದ" ಅಂತ ಬರೆದೆ. ಪುಷ್ಪಲತಾ ಓದಿ, "ಎಂಥಾ ಕೆಟ್ಟ ಅಕ್ಷರ, ಯಾರಿರಬೋದು?" ಅಂದಳು. ನಾನೂ ಗಲ್ಲಕ್ಕೆ ಬೆರಳಿಟ್ಟು ಯೋಚನೆ ಮಾಡಿದೆ. ಇನ್ನೊಂದು ದಿನ ಕೂದಲಿಗೆ ಕ್ಲಿಪ್ಪು. ಮೊನ್ನೆ ಏನೂ ಇಡಲಿಲ್ಲ, "ನನ್ನ ಫ್ರೆಂಡ್ ಮಹಾ ಜುಗ್ಗಿ" ಅಂತ ಎಲ್ಲರಿಗೂ ಕೇಳುವ ಹಾಗೆ ಬೈದೆ. ಬೈದಾಗ ಶಿಲ್ಪಶ್ರೀ ತಿರುಗಿ ನೋಡಿ ನಕ್ಕಳು, ಜೂನ್ ತಿಂಗಳ ನಂತರ ಅದೇ ಮೊದಲು. ಖುಷಿಯಾಯಿತು, ಖುಷಿಯಾಗಿದ್ದಕ್ಕೆ ನಾಚಿಕೆಯೂ ಆಯಿತು. ಪ್ರಾರ್ಥನೆಯದ್ದೇ ಕಷ್ಟ. ನನಗೆ ನಾನೇ ದೇವರ ಹತ್ತಿರ ಏನು ಕೇಳಿಕೊಳ್ಳಲಿ? ಕಣ್ಣು ಮುಚ್ಚಿ ಈಶ್ವರನನ್ನು ನೆನೆಸಿಕೊಂಡು ನಿನ್ನ ಹೆಸರು ಹೇಳಿಬಿಡುತ್ತೇನೆ.

ಕಾರ್ಯಕ್ರಮ ಬರುವ ಮಂಗಳವಾರ ಬಿಟ್ಟು ಅದರಾಚೆಯ ಮಂಗಳವಾರ, ಇಪ್ಪತ್ಮೂರನೇ ತಾರೀಕು, ಬೆಳಿಗ್ಗೆ ಹನ್ನೊಂದಕ್ಕೆ. ಹತ್ತನೇ ಕ್ಲಾಸಿನವರನ್ನು ಒಬ್ಬೊಬ್ಬರಾಗಿ ಸ್ಟೇಜಿಗೆ ಕರೆದು, "ಇವರ ಕ್ರಿಸ್ಮಸ್ ಫ್ರೆಂಡ್ ಯಾರು?" ಅಂತ ಮೈಕಿನಲ್ಲಿ ಕೇಳುತ್ತಾರೆ. ಫ್ರೆಂಡ್ ಆದವರು ಕೂತಲ್ಲಿಂದ ಎದ್ದು, ಸ್ಟೇಜಿಗೆ ಬಂದು, ಹೆಸರು ಹೇಳಿ, ಬಾಯಿಗೆ ಕೇಕ್ ಹಾಕಬೇಕು. ನನ್ನನ್ನು ಕರೆದಾಗ ಯಾರೂ ಏಳುವುದಿಲ್ಲ. ಒಂದು ಸಲ ಕೇಳುತ್ತಾರೆ, ಎರಡು ಸಲ ಕೇಳುತ್ತಾರೆ. ಅಷ್ಟೂ ತಂದೆ ತಾಯಂದಿರ ಮುಂದೆ ನಾನು ಕಂಬದ ಹಾಗೆ ನಿಂತಿರಬೇಕು. ಅಪ್ಪಾಜಿ ಬೇರೆ ಮುಂದಿನ ಸಾಲಿನಲ್ಲೇ ಕೂರುತ್ತಾರೆ. ವಡೆ ಕರಿಯಲು ಎರಡು ಟಿನ್ ಎಣ್ಣೆ ಕೊಟ್ಟಿದ್ದಾರೆ ಅಂತ ಹೆಡ್ ಸಿಸ್ಟರ್ ಮಿಲ್ಲಿಗೇ ಹೋಗಿ ಕರೆದು ಬಂದಿದ್ದಾರೆ. ತಮ್ಮ ಇನ್ನೊಬ್ಬ ಮಗಳಿಗೂ ಊರಲ್ಲಿ ಯಾರೂ ಇಲ್ಲ ಅಂತ ಅಪ್ಪಾಜಿ ನೋಡಬೇಕಾ? ಅದಕ್ಕೆ ಇಪ್ಪತ್ತೆರಡರ ಸಂಜೆ ನನಗೆ ಜ್ವರ ಬರುತ್ತದೆ. ಈರುಳ್ಳಿ ಕಂಕುಳಲ್ಲಿ ಇಟ್ಟುಕೊಂಡರೆ ಬರುತ್ತದೆ ಅಂತ ನೀನೇ ಹೇಳಿಕೊಟ್ಟಿದ್ದು, ನೆನಪಿದೆಯಾ? ಯಾರಿಗೂ ಹೇಳಿಲ್ಲ, ನಿನಗೊಬ್ಬಳಿಗೇ ಹೇಳುತ್ತಿದ್ದೇನೆ. ನೀನೇನೂ ಚಿಂತೆ ಮಾಡಬೇಡ.

ಬಹಳ ಬರೆದೆ, ಕೈ ನೋಯುತ್ತಿದೆ. ಭಾವನಿಗೆ ನನ್ನ ನಮಸ್ಕಾರ ತಿಳಿಸು, ನಿಮ್ಮತ್ತೆಯವರಿಗೂ, ಅದನ್ನು ತೆಲುಗಿನಲ್ಲೇ ತಿಳಿಸು. ಚಳಿಯಲ್ಲಿ ಜೋಪಾನ. ಈಶ್ವರ ನಿನ್ನನ್ನು ತಣ್ಣಗಿಟ್ಟಿರಲಿ.

ಇತಿ ನಿನ್ನ ತಂಗಿ,
ಐಶು

ತಾ.ಕ.: ಅಕ್ಕ, ಲಕ್ಷ್ಮಕ್ಕ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ, ಬಸ್ಸಿಗೆ ಹೊತ್ತಾಯಿತು ಅಂತ ಬೈಯುತ್ತಿದ್ದಾಳೆ, ಬೇಗ ಬರೆಯುತ್ತೇನೆ. ಪತ್ರ ಕವರಿಗೆ ಹಾಕುವಾಗ ಅವ್ವ ಕಾಫಿ ತಂದವಳು ನೋಡಿಬಿಟ್ಟಳು. ಬೈಯುತ್ತಾಳೆ ಅಂದುಕೊಂಡರೆ ಕಿತ್ತುಕೊಂಡು ನೆಲದ ಮೇಲೆ ಕೂತು ಪೂರ್ತಿ ಓದಿದಳು. ಫೋನಿನದ್ದು ಓದಿ ನಕ್ಕಳು, ಚೀಟಿಯದ್ದು ಓದಿ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು. ಆಮೇಲೆ, "ಜ್ವರಾನೂ ಬ್ಯಾಡ, ಈರುಳ್ಳಿನೂ ಬ್ಯಾಡ. ಫ್ರೆಂಡ್ ಅಂದ್ರೆ ಕ್ಲಾಸಿನೋರೇ ಆಗ್ಬೇಕಂತ ಎಲ್ಲೈತೆ? ನಿಮ್ಮಕ್ಕಂಗೆ ಬರಾಕೆ ಹೇಳು" ಅಂದಳು. "ಅಪ್ಪಾಜಿ?" ಅಂದೆ. "ಅವಳ ಹೆಸರೆತ್ತಬ್ಯಾಡ್ರಿ ಅಂದಿರೋದು ಈ ಮನೇಲಿ. ಸ್ಕೂಲೇನು ಅವರಪ್ಪಂದಲ್ಲ" ಅಂದಳು. ಅವ್ವನ ಬಾಯಲ್ಲಿ ಅಂಥ ಮಾತು ನಾನು ಇದೇ ಮೊದಲು ಕೇಳಿದ್ದು. ಇಪ್ಪತ್ಮೂರಕ್ಕೆ ನೀನು ಬೆಳಿಗ್ಗೆಯ ಬಸ್ಸು ಹತ್ತು. ಶಾಮಿಯಾನದ ಹಿಂದೆ ಎಲ್ಲಾದರೂ ಕೂತಿರು, ಏನೂ ತರಬೇಡ. ಮೈಕಿನಲ್ಲಿ ಕೇಳಿದಾಗ ಎದ್ದು ನಡೆದುಕೊಂಡು ಬಾ, ನಿನ್ನ ಹೆಸರು ಜೋರಾಗಿ ಹೇಳು. ಅಪ್ಪಾಜಿ ಏನು ಮಾಡುತ್ತಾರೋ ನನಗೆ ಗೊತ್ತಿಲ್ಲ. ಎದ್ದು ಹೋದರೂ ಹೋಗಬಹುದು. ಎರಡು ಸಲ ಕೇಳಲಿ, ಹತ್ತು ಸಲ ಕೇಳಲಿ, ನೀನು ಬರುವವರೆಗೆ ನಾನು ಸ್ಟೇಜಿನಿಂದ ಇಳಿಯುವುದಿಲ್ಲ.