ಕಸವೆಂದು ತೆಗೆದಿಟ್ಟ ಆರುನೂರು

೪ ಫೆಬ್ರವರಿ ೨೦೦೮, ಬೆಳಿಗ್ಗೆ ೧೧
ಇವತ್ತೂ ಪುಣೆಯ ಬಸ್ಸಿನಲ್ಲಿ ಯೆರವಡಾದವರೆಗೆ ನಿಂತೇ ಬಂದೆ. ಆಫೀಸಿನಲ್ಲಿ ಜತೆಗೆಲಸದ ಸಿದ್ದಾರೂಢ ಆಗಲೇ ಕಂಪ್ಯೂಟರಿನಲ್ಲಿ ಕೆಲಸದ ಹರಿವಿನ ಚಿತ್ರ ತೆಗೆದಿದ್ದ. ಪಂಪಿನ ಮೋಟರು ರಿಪೇರಿ ಮಾಡುವ ಕಾರ್ಖಾನೆಯದು. ಮೋಟರು ಬಂತು, ತಪಾಸಣೆ, ಬಿಡಿಭಾಗ ಕೊಟ್ಟದ್ದು, ಜೋಡಣೆ, ಟೆಸ್ಟ್ — ಅಲ್ಲಿ ಪ್ರತಿ ಹಂತಕ್ಕೂ ಯಾರಾದರೂ ಕಂಪ್ಯೂಟರಿನಲ್ಲಿ ಒತ್ತುತ್ತಾರೆ, ವೇಳೆ ತಾನೇ ದಾಖಲಾಗುತ್ತದೆ. ಆ ದಾಖಲೆಗಳಿಂದಲೇ ಕೆಲಸ ನಿಜವಾಗಿ ಹೇಗೆ ಸಾಗುತ್ತದೆಂದು ಹೊರತೆಗೆಯುವುದು. ಇದಕ್ಕೆ ಪ್ರೊಸೆಸ್ ಮೈನಿಂಗ್ ಎನ್ನುತ್ತಾರೆ. ವರದಿ ಬರೆಯುವುದು ನನ್ನ ಪಾಲು. ಇಂಗ್ಲಿಷ್ ಸಾಹಿತ್ಯ ಓದಿದವಳಿಗೆ ಸಿಕ್ಕ ಕೆಲಸ.
ಚಿತ್ರದಲ್ಲಿ ಒಂದೇ ಕಡೆ ಕೆಂಪು. ಸ್ಟೋರು. ಬಿಡಿಭಾಗಕ್ಕಾಗಿ ಅಲ್ಲಿ ಮೋಟರು ನಾಲ್ಕು ದಿನ ನಿಲ್ಲುತ್ತದೆ. ಸ್ಟೋರೆಂದರೆ ಒಬ್ಬರೇ — ಶಂಕ್ರೆಪ್ಪ. ಸೇಡಂ ಕಡೆಯವರು. ಇಪ್ಪತ್ತಾರು ವರ್ಷದ ಸರ್ವಿಸ್.

೫ ಫೆಬ್ರವರಿ, ಸಂಜೆ
ಕಾರ್ಖಾನೆಗೆ ಹೋಗಿದ್ದೆವು. ಮ್ಯಾನೇಜರ್ ಧರ್ಮರಾಜ ಸರ್‌ಗೆ ಚಿತ್ರ ಹಿಡಿಸಿತು. ಸೋಮವಾರದ ಮೀಟಿಂಗಿಗೆ ವರದಿ ಬರಲಿ, ಶಂಕ್ರೆಪ್ಪನನ್ನು ಕೆಲಸದಿಂದ ಬಿಡಿಸಿ ಹೊಸಬನನ್ನು ತರುತ್ತೇನೆ ಎಂದರು. ಆ ವರದಿಯ ಮೇಲೆ ನನ್ನ ಹೆಸರು...
ಹೊರಬಂದರೆ ಶಂಕ್ರೆಪ್ಪನವರೇ ಚಹಾ ತರಿಸಿದ್ದರು. ಯಾವ ಊರೆಂದು ಕೇಳಿದರು. ಕಲಬುರ್ಗಿ ಎಂದೆ.
"ಹಂಗಾರ ಮನಿ ಮಂದೀನೇ ಆತಲ್ಲ, ತಂಗಿ."
ಚಹಾ ಅರ್ಧಕ್ಕೇ ಬಿಟ್ಟೆ.

೭ ಫೆಬ್ರವರಿ
ವರದಿಯ ಒಂದು ಸಾಲೂ ಏಳುತ್ತಿಲ್ಲ. ಬೇರೇನೂ ತೋಚದೆ ಮೂಲ ಪಟ್ಟಿ ಓದುತ್ತ ಕೂತೆ, ಒಂದೊಂದು ಮೋಟರನ್ನೂ ಕಥೆಯ ಹಾಗೆ. ೪೧೭ — ಬಂತು, ತಪಾಸಣೆ, ಜೋಡಣೆ, ಟೆಸ್ಟ್, ಕೊನೆಗೆ ಬಿಡಿಭಾಗ. ಟೆಸ್ಟ್ ಆದ ಮೇಲೆ ಬಿಡಿಭಾಗವೇ? ೪೧೮ ಕೂಡ ಹಾಗೇ. ೪೨೧ ಕೂಡ.
ಧೈರ್ಯ ಮಾಡಿ ಸಿದ್ದಾರೂಢನನ್ನು ಕೇಳಿದೆ. ಅವೆಲ್ಲ ಕಸ, ವೇಳೆ ಹಿಂದುಮುಂದಾದವು, ತೆಗೆದಿಟ್ಟೇ ಚಿತ್ರ ಮಾಡಿದ್ದೇನೆ ಎಂದ. ಎಷ್ಟು? ಒಂಬೈನೂರರಲ್ಲಿ ಆರುನೂರು.
"ಆರುನೂರು ಸಲ ಒಂದೇ ಥರ ತಪ್ಪು ಮಾಡ್ತಾರೇನ್ರಿ?"
"ಕಾದಂಬರಿ ಓದಿ ಓದಿ ನಿಮಗ ಎಲ್ಲಾ ಕಡೆ ಗುಟ್ಟು ಕಾಣ್ತದ, ರೇಣು ಮೇಡಂ."
ನಕ್ಕ. ಆಮೇಲೆ ಪಟ್ಟಿ ತನ್ನ ಕಡೆ ಎಳೆದುಕೊಂಡ. ಓದುತ್ತ ಹೋದಂತೆ ನಗು ಇಳಿಯಿತು.

೮ ಫೆಬ್ರವರಿ, ಮಧ್ಯಾಹ್ನ
ಒಬ್ಬಳೇ ಸ್ಟೋರಿಗೆ ಹೋದೆ. ಮೆಕ್ಯಾನಿಕ್ ಜಟ್ಟೆಪ್ಪ ಬಂದು ಬೇರಿಂಗ್ ಕೇಳಿದ. ಶಂಕ್ರೆಪ್ಪ ಕೇಳಿದ ಕೂಡಲೇ ಕೊಟ್ಟರು. ಮೋಟರಿನ ನಂಬರನ್ನು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದರು. ಕಂಪ್ಯೂಟರ್ ಮುಟ್ಟಲಿಲ್ಲ. ಮೂರು ತಾಸಿನ ಮೇಲೆ ಟೆಸ್ಟ್ ಬೆಂಚಿನಲ್ಲಿ ಮೋಟರು ಓಡಿತು. ಆಗ ನಂಬರ್ ಅಳಿಸಿ ಎಂಟ್ರಿ ಹಾಕಿದರು.
ಯಾಕೆಂದು ಕೇಳಿದೆ.
"ಮೊದಲ ಹಾಕಿದ್ರ, ಮೋಟರ್ ಓಡಲಿಲ್ಲಂದ್ರ ಬೇರಿಂಗ್ ವಾಪಸ್ ಬರ್ತದ. ಎಂಟ್ರಿ ಕ್ಯಾನ್ಸಲ್ ಮಾಡಾಕ ಮೂರು ಸಾಹೇಬರ ಸಹಿ ಬೇಕು. ಒಂದಕ್ಕ ಹದಿನೇಳು ದಿನ ಅಡ್ಡಾಡೀನಿ. ಅಲ್ಲೀತನಾ ಇನ್ನೊಂದು ಕೊಡಾಕ ಬರಂಗಿಲ್ಲ. ಆ ಮೋಟರಿನ ಮಾಲಕ, ಇಂದಾಪುರದ ರೈತ, ಪಾಪ ಗೇಟಿನಾಗ ಕುಂತಿದ್ದ."
ಅಂದರೆ ಆ ಆರುನೂರು ಮೋಟರಿಗೆ ಭಾಗ ಕೇಳಿದ ಕೂಡಲೇ ಸಿಕ್ಕಿದೆ. ನಮ್ಮ ಚಿತ್ರದಲ್ಲಿ ಉಳಿದ ಮುನ್ನೂರು ಮಾತ್ರ ಹೊರಗಿನಿಂದ ಭಾಗ ತರಿಸಬೇಕಾದವು; ಆ ಭಾಗ ಬಿಲ್ಲಿನ ಜತೆಗೇ ಬರುವುದರಿಂದ ಅವಕ್ಕೆ ಎಂಟ್ರಿ ಮೊದಲೇ ಬೀಳುತ್ತದೆ. ಯಾರು ಕೂತರೂ ಅವು ಕಾಯಲೇಬೇಕು. ಕಾಯಿಸದವನನ್ನೇ ಕಾಯಿಸುತ್ತಾನೆಂದು ಬರೆಯಲು ಹೊರಟಿದ್ದೆ.

೧೧ ಫೆಬ್ರವರಿ
ಮೀಟಿಂಗ್. ಎಂಟು ಜನ. ನನ್ನದು ಹರಕು ಮರಾಠಿ. ಆದರೂ ಹೇಳಿದೆ, ೪೧೭ರಿಂದ ಶುರು ಮಾಡಿ. ನಡುವೆ ಪದ ಸಿಗದೆ ನಾನು ತಡವರಿಸಿದಾಗ ಸಿದ್ದಾರೂಢ ಎದ್ದು, ಆರುನೂರು ಕೈಬಿಟ್ಟ ತಪ್ಪು ತನ್ನದೆಂದ. ಅದನ್ನು ನಿರೀಕ್ಷಿಸಿರಲಿಲ್ಲ.
ಧರ್ಮರಾಜ ಸರ್ ಸ್ಟೋರಿಗೇ ನಡೆದರು. ಬಾಗಿಲ ಮೇಲಿನ ಸೀಮೆಸುಣ್ಣದ ನಂಬರುಗಳನ್ನು ಒಂದೊಂದಾಗಿ ಓದಿದರು.
"ಈ ಮೂರು ಸಹಿ ಯಾಕ ಇಟ್ಟಿದ್ವಿ?"
ಯಾರಿಗೂ ಗೊತ್ತಿರಲಿಲ್ಲ.
ಸರ್ ಅಲ್ಲೇ ತೀರ್ಮಾನ ಹೇಳಿದರು: ಮಾರ್ಚಿನಿಂದ ಭಾಗ ಕೊಟ್ಟ ಕೂಡಲೇ ಎಂಟ್ರಿ. ವಾಪಸ್ ಬಂದರೆ ಕ್ಯಾನ್ಸಲ್ ಶಂಕ್ರೆಪ್ಪನವರೇ ಮಾಡಬಹುದು. ಅವರು ಸ್ಟೋರಿನಲ್ಲೇ ಇರುತ್ತಾರೆ.

೩ ಮಾರ್ಚ್, ೧೨.೧೦, ಸ್ಟೋರಿನ ಕೌಂಟರು
ಹೊಸ ಪದ್ಧತಿಯ ಮೊದಲ ದಿನ. ಮೊದಲ ಮೋಟರೇ ಓಡಲಿಲ್ಲ. ಬೇರಿಂಗ್ ವಾಪಸ್. ನೀನೇ ಒತ್ತು ತಂಗಿ ಎಂದರು ಶಂಕ್ರೆಪ್ಪ. ನಾನು ಒತ್ತಲಿಲ್ಲ. ಬೆರಳನ್ನು ಅಂಗಿಗೆ ಒರೆಸಿಕೊಂಡು ತಾವೇ ಒತ್ತಿದರು. ಕ್ಯಾನ್ಸಲ್ ಆಯಿತು. ಸಾಹೇಬರು ಕೇಳಬಹುದೆಂದು ಫೋನಿನ ಕಡೆ ನೋಡುತ್ತ ನಿಂತರು. ಅದು ರಿಂಗಾಗಲಿಲ್ಲ.
"ಯಾರೂ ಕೇಳಲಿಲ್ಲಲ್ಲ?"
"ಕೇಳಾವ್ರು ಈಗ ನೀವೇ ಅಲ್ರೀ, ಕಾಕಾ," ಎಂದ ಜಟ್ಟೆಪ್ಪ.
ಇನ್ನೊಂದು ಮೋಟರಿಗೆ ಭಾಗ ಕೊಟ್ಟರು. ಈ ಸಲ ನನ್ನ ಕಡೆ ನೋಡಲೂ ಇಲ್ಲ, ಒಂದೇ ಬೆರಳಿನಲ್ಲಿ ತಾವೇ ಎಂಟ್ರಿ ಒತ್ತಿದರು.