ಇಳಿಯದ ಮುಳ್ಳು

ಕಲ್ಲುಕ್ವಾರಿಯ ಹಿಂದಿನ ಬಯಲು
ಡಿಸೆಂಬರ್ ೧೧, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲ ಮೆಕ್ಯಾನಿಕ್ ಅಂಗಡಿಯ ಮುಂದೆ ಬರೀ ಚಹಾ ಕುಡಿದುಕೊಂಡು ದಿನ ದೂಡುತ್ತಿದ್ದೀಯಾ? ಡೈನಮೋ ರಿಪೇರಿ ಆಯಿತೇ? ನೀನು ಅದನ್ನು ಬಿಚ್ಚಿಕೊಂಡು ಹೊರಟಾಗಿನಿಂದ ನಮ್ಮ ವ್ಯಾನುಮನೆ ಮುನಿಸಿಕೊಂಡ ಎಮ್ಮೆಯ ಹಾಗೆ ನಿಂತಲ್ಲೇ ನಿಂತಿದೆ. ಫೋನಿಗೆ ಇಲ್ಲಿ ಸಿಗ್ನಲ್ ಇಲ್ಲ. ನೀರಿನ ಲಾರಿಯವರು ಬಂದಾಗ ಈ ಕಾಗದವನ್ನು ಅವರ ಕೈಯಲ್ಲೇ ಕಳಿಸುತ್ತೇನೆ.

ನೀನು ಹೋದ ಮರುದಿನ ಕವಿದ ಮಂಜು ಇನ್ನೂ ಬಿಟ್ಟಿಲ್ಲ. ಕ್ವಾರಿಯ ಕ್ರೇನ್ ಕೂಡ ಕಾಣುವುದಿಲ್ಲ, ಅದರ ಕಿರುಗುಟ್ಟುವಿಕೆ ಮಾತ್ರ ಎಲ್ಲಿಂದಲೋ ಕೇಳುತ್ತದೆ. ಏಣಿ ಹತ್ತಿ ಸೋಲಾರ್ ಪ್ಲೇಟು ಒರೆಸಿ ಒರೆಸಿ ನನ್ನ ರಟ್ಟೆ ಬಿದ್ದುಹೋಯಿತು. ಬಿಸಿಲೇ ಇಲ್ಲದ ಮೇಲೆ ಒರೆಸಿ ಏನು ಬಂತು? ಇರುವ ಒಂದು ಬ್ಯಾಟರಿಯಲ್ಲೇ ಸಂಸಾರ. ಫ್ರಿಜ್ ಬಂದ್, ಫ್ಯಾನ್ ಬಂದ್, ಸಂಜೆಗೆ ಮೇಣದಬತ್ತಿ. ನಿನ್ನ ಕಾನೂನನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದೇವೆ ಮಾರಾಯ. ಯಾವ ಸ್ವಿಚ್ಚು ಮುಟ್ಟುವುದಿದ್ದರೂ ಮೊದಲು ಕೂಗಿ ಹೇಳುತ್ತೇವೆ. ಅಪ್ಪನ ಉಸಿರಿನ ಮಷೀನನ್ನು ಮಾತ್ರ ಯಾರೂ ಮುಟ್ಟುವ ಹಾಗಿಲ್ಲ.

ಹಾಸ್ಟೆಲಿನವರ ದಿಂಬಿನ ಕವರುಗಳು ಬಾಕಿ ಇದ್ದವು. ಹೊಲಿಗೆ ಮೋಟರ್ ಹಾಕಲು ನನಗೆ ಭಯ. ಅಪ್ಪ ಬಿಡಬೇಕಲ್ಲ! "ಕೈ ಕಟ್ಕೊಂಡು ಯಾಕೆ ಕೂತ್ಕೋತೀಯ, ಹೊಲಿ. ಮುಳ್ಳು ನಾನು ನೋಡ್ಕೋತೀನಿ" ಎಂದು ಬ್ಯಾಟರಿ ಮೀಟರಿನ ಪಕ್ಕಕ್ಕೇ ಹಾಸಿಗೆ ಎಳೆಸಿಕೊಂಡರು. ಆಶ್ಚರ್ಯವೆಂದರೆ, ನಾನು ಇಷ್ಟೆಲ್ಲ ಹೊಲಿದರೂ ಮುಳ್ಳು ಹೆದರಿದಷ್ಟು ಇಳಿದಿಲ್ಲ. ಕೇಳಿದರೆ, ಬಸ್ಸು ಓಡಿಸುತ್ತಿದ್ದಾಗ ಇಳಿಜಾರಿನಲ್ಲಿ ಎಂಜಿನ್ ಆರಿಸಿ ಡೀಸೆಲ್ ಉಳಿಸುತ್ತಿದ್ದ ಹಳೇ ಕಥೆ ತೆಗೆಯುತ್ತಾರೆ. ನಿನಗಿಂತ ಅವರೇ ಮೇಲು ಬಿಡು.

ಆದರೆ ನಿನ್ನೆಯಿಂದ ಮಾತು ಕಡಿಮೆಯಾಗಿದೆ. ಗಂಜಿಯನ್ನೂ ಅರ್ಧಕ್ಕೇ ಬಿಟ್ಟರು. ಉಗುರು ಯಾಕೋ ಕಪ್ಪಿಟ್ಟ ಹಾಗಿದೆ, ಚಳಿಗೆ ಅನ್ನುತ್ತಾರೆ. ನನಗೆ ಸಮಾಧಾನವಿಲ್ಲ ಅಣ್ಣಾ. ಈಗ ಹೊಲಿಗೆ ನಿಲ್ಲಿಸಿ ಬರೆಯಲು ಕೂತಿದ್ದೇನೆ, ಅವರು ಮಲಗಿದ್ದಾರೆ. ಕ್ರೇನೂ ನಿಂತಿದೆ. ನನ್ನ ಪೆನ್ನಿನ ಸದ್ದು ನನಗೇ ಕೇಳಿಸುತ್ತಿದೆ.

ಅಪ್ಪನ ಆಶೀರ್ವಾದ ನಿನಗೆ ಸದಾ ಇದ್ದೇ ಇದೆ. ಮಫ್ಲರ್ ಕಟ್ಟಿಕೊಳ್ಳದೆ ಓಡಾಡಬೇಡ.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಅಣ್ಣಾ, ಪೆನ್ನಿನ ಸದ್ದು ಎಂದು ಬರೆದದ್ದನ್ನು ಓದಿಕೊಂಡವಳೇ ಅಪ್ಪನ ಹತ್ತಿರ ಓಡಿದೆ. ಉಸಿರಿನ ಮಷೀನಿನ ಸದ್ದೇ ಇಲ್ಲ! ನಳಿಕೆ ಮೂಗಿನಲ್ಲೇ ಇದೆ, ಸ್ವಿಚ್ಚು ಆರಿದೆ. ನಾನು ಹೊಲಿಯುವಷ್ಟು ಹೊತ್ತೂ ಆರಿಸಿಕೊಂಡು ಮಲಗುತ್ತಿದ್ದಿರಬೇಕು, ನನ್ನ ಮೋಟರಿನ ಗದ್ದಲದಲ್ಲಿ ತಿಳಿಯಲೇ ಇಲ್ಲ. ನಾನು ನಿಲ್ಲಿಸಿದ ಕೂಡಲೇ ಹಾಕಿಕೊಳ್ಳುತ್ತಿದ್ದಿರಬೇಕು. ಇವತ್ತು ಕೈ ಎತ್ತಲು ತ್ರಾಣವಿರಲಿಲ್ಲ. ಈಗ ಹಾಕಿದ್ದೇನೆ, ತುಟಿ ಇನ್ನೂ ನೀಲಿ. ಮುಳ್ಳು ಕೆಂಪು ಗೆರೆಯ ಕಡೆ ಜಾರುತ್ತಿದೆ. ಲಾರಿಗೆ ಹತ್ತಿಸೋಣವೆಂದರೆ ಮಷೀನು ಬಿಟ್ಟು ಅಷ್ಟು ದೂರ ಹೇಗೆ? ಲಾರಿಯವರು ಹಾರ್ನ್ ಹೊಡೆಯುತ್ತಿದ್ದಾರೆ. ಡೈನಮೋ ಆಗದಿದ್ದರೆ ಹಾಳಾಗಲಿ, ಚಾರ್ಜ್ ಇರುವ ಒಂದು ಬ್ಯಾಟರಿ ಹೊತ್ತುಕೊಂಡು, ಡಾಕ್ಟರನ್ನು ಕರೆದುಕೊಂಡು ಈಗಲೇ ಬಾ. ಅಪ್ಪ ಕಣ್ಣು ಬಿಟ್ಟು ಒಂದೇ ಮಾತು ಆಡಿದರು: "ಕೂಗಿ ಹೇಳ್ಲಿಲ್ಲ ಕಣಮ್ಮಾ, ತಪ್ಪಾಯ್ತು."