ಇರೋದೇ ಎಂಟು ಮನೆ

೧೪ ಮಾರ್ಚ್ ೨೦೧೮, ಬುಧವಾರ. ಅಮೃತಹಳ್ಳಿ

ಆ ಒಂದು ಪುಟವನ್ನು ನಾನು ಯಾಕೆ ಹಾರಿಸಿದೆನೋ! ಅಮ್ಮನ ಕಟ್ಟಡದಲ್ಲಿ ನಾವಿರುವುದೂ ಸೇರಿ ಎಂಟೂ ಮನೆಗಳಿಗೆ ನೀರಿನ ಮೀಟರ್ ಹಾಕುವ ಕಂಪನಿಯ ಮುನೀಂದ್ರ ಬೆಳಿಗ್ಗೆ ಅಗ್ರಿಮೆಂಟ್ ತಂದಿದ್ದ. ಅಮ್ಮನಿಗೆ ಇಂಗ್ಲಿಷ್ ಬರದು, ನಾನು ಓದಿ ಹೇಳುತ್ತಿದ್ದೆ.

"ಲೇ ಇಂದು, ಒಂದು ಹಾಳೆ ಬಿಟ್ಟೆ ಕಣೇ. ಓದು ಅದನ್ನ," ಎಂದಳು ಅಮ್ಮ.

ಮೀಟರ್ ಹೇಗೆ ಕೆಲಸ ಮಾಡುತ್ತಿದೆ, ಯಾವ ಮನೆಯವರು ಯಾವ ಹೊತ್ತಿನಲ್ಲಿ ಎಷ್ಟು ನೀರು ಬಳಸುತ್ತಾರೆ, ಎಲ್ಲವನ್ನೂ ಕಂಪನಿ ವಿಶ್ಲೇಷಿಸಬಹುದು, ವರದಿಯನ್ನು ಬೇರೆಯವರಿಗೂ ಕೊಡಬಹುದು ಎಂದಿತ್ತು.

"ಹೆಸರು ಇರಲ್ಲ ಅಮ್ಮಾ, ಬರೀ ಮನೆ ನಂಬರ್," ಎಂದ ಮುನೀಂದ್ರ.

"ಇರೋದೇ ಎಂಟು ಮನೆ ಕಣಪ್ಪಾ, ನಂಬರ್ ಸಾಲ್ದಾ? ಮೀಟ್ರು ಕೆಟ್ಟೈತಾ ನೋಡ್ಕಳಿ, ತಿಂಗಳ ಲೆಕ್ಕ ತಗಳಿ. ಎಷ್ಟೊತ್ಗೆ ಯಾರು ನಲ್ಲಿ ಬಿಟ್ರು ಅನ್ನೋದು ನಿಮ್ಗ್ಯಾಕೆ?"

ಅವನು ಆಫೀಸಿಗೆ ಎರಡು ಸಲ ಫೋನ್ ಮಾಡಿ, ಕೊನೆಗೆ ಆ ಸಾಲುಗಳನ್ನು ಹೊಡೆದುಹಾಕಿದ. ಆಮೇಲೆಯೇ ಅಮ್ಮ ತನ್ನ ದುಂಡು ಅಕ್ಷರದಲ್ಲಿ ಕೃಷ್ಣಮ್ಮ ಎಂದು ಬರೆದಳು.

ಬಾಡಿಗೆಯವರ ಮೇಲೆ ಇಷ್ಟು ಕಾಳಜಿಯೇ ಎಂದುಕೊಂಡಿದ್ದೆ. ಇದನ್ನು ಬರೆಯಲು ಕೂತಾಗ ಹೊಳೆಯಿತು.

ನಾನು ಗಂಡನ ಮನೆ ಬಿಟ್ಟು ಬಂದು ಇಪ್ಪತ್ತೆರಡು ದಿನವಾಯಿತು. ಯಾಕೆ ಬಂದೆ ಎಂದು ಅಮ್ಮ ಕೇಳಿಲ್ಲ. ದಿನವೂ ಮಧ್ಯಾಹ್ನ, ಸದ್ದು ಕೇಳದಿರಲಿ ಎಂದು ಬಚ್ಚಲಿನ ನಲ್ಲಿ ಬಿಟ್ಟುಕೊಂಡು ಅಳುತ್ತೇನೆ. ಇಂಥ ತಾಯಿಯನ್ನು ಪಡೆಯಲು ಏನು ಪುಣ್ಯ ಮಾಡಿದ್ದೆನೋ. ಅಕ್ಕಿ ತೊಳೆದ ನೀರನ್ನೂ ಚೆಲ್ಲದೆ ಕರಿಬೇವಿನ ಗಿಡಕ್ಕೆ ಸುರಿಯುವವಳು, ನಲ್ಲಿ ನಿಲ್ಲಿಸೇ ಎಂದು ಒಂದು ದಿನವೂ ಕೂಗಲಿಲ್ಲ.